ವಸ್ತಿ ಬಸ್ಸು

ರಾತ್ರಿ ಎಂಟೂವರೆಗೆ ತದಡಿಯಲ್ಲಿ ಎಂಜಿನ್ನು ಆರಿದ ಮೇಲೆ
ಚೀಲ ಬಿಚ್ಚಿ ಚಿಲ್ಲರೆ ಎಣಿಸುತ್ತೇನೆ.
ನಾಲ್ಕು ಸಾವಿರದ ಮುನ್ನೂರ ಹನ್ನೆರಡು.
ಹರಿದ ಹತ್ತರ ನೋಟು ಒಂದು; ಅದು ನನ್ನ ಲೆಕ್ಕಕ್ಕೆ.

ಕಿಟಕಿಯಾಚೆ ಹೊಳೆ.
ಹೊಳೆಯಾಚೆ ಅಘನಾಶಿನಿ.
ಅಲ್ಲಿ, ಬಿಳಿ ಟ್ಯೂಬ್‌ಲೈಟಿನ ಎಡಕ್ಕೆ ಮೂರನೆಯದು, ತುಸು ಹಳದಿ,
ಅದು ನಮ್ಮ ಅಡುಗೆಮನೆ.
ಕೊನೆಯ ದೋಣಿ ಆಗಲೇ ಹೋಗಿರುತ್ತದೆ.
ರಸ್ತೆ ಹಿಡಿದರೆ ಮಾದನಗೇರಿ, ಮಿರ್ಜಾನ, ಕುಮಟೆ ಸುತ್ತಬೇಕು,
ಬೆಳಿಗ್ಗೆ ಐದೂ ಮುಕ್ಕಾಲಿಗೆ ಈ ಬಸ್ಸು ಬಿಡಲೇಬೇಕು.
ಕೂಗಿದರೆ ಕೇಳೀತು ಅನ್ನುವಷ್ಟು ಹತ್ತಿರ.
ಖಾಕಿ ತೊಟ್ಟವನು ಕೂಗುವುದು ಹೇಗೆ?

ಚಾಲಕ ಫಕ್ಕೀರಪ್ಪ ಹಿಂದಿನ ಸೀಟಿನಲ್ಲಿ ಕಾಲು ಚಾಚುತ್ತಾನೆ.
'ನಿನ್ನ ಮನಿ ಕಣ್ಣಿಗರೆ ಕಾಣತೈತಿ ಮಾರಾಯಾ,
ನಂದು ಫೋನಿನ್ಯಾಗ ಅಷ್ಟ, ಅದೂ ಚಾರ್ಜ್ ಇದ್ರ.'
ಮಾರಾಯಾ ಎನ್ನುವುದು ಅವನು ಈ ಕಡೆ ಬಂದ ಮೇಲೆ ಕಲಿತದ್ದು.
ಯಾರ ದುಃಖ ದೊಡ್ಡದು ಎಂದು ನಾವು ವಾದಿಸುವುದಿಲ್ಲ.

ನನ್ನ ತುಳಸುಗೂ ಒಂದು ಡ್ಯೂಟಿ ಚಾರ್ಟಿದೆ,
ಬರೆಯುವುದು ಹೊಳೆಯ ಇಳಿತ.
ದಿನಕ್ಕೆ ಮುಕ್ಕಾಲು ತಾಸು ಮುಂದೆ ಮುಂದೆ ಸರಿಯುವ ಪಾಳಿ.
ಸೊಂಟಮಟ್ಟದ ನೀರಲ್ಲಿ ಬಳಚು ಬಾಚುತ್ತಾಳೆ.
ನನಗೆ ವಾರದ ರಜೆ ಸಿಕ್ಕ ದಿನ ಅವಳ ನೀರು ಇಳಿದಿರುತ್ತದೆ,
ಅವಳ ನೀರು ಏರಿದ ದಿನ ನಾನು ಹುಬ್ಬಳ್ಳಿಯ ಹೆಚ್ಚುವರಿ ಟ್ರಿಪ್ಪಿನಲ್ಲಿ.
ನಡುವೆ ಮಗಳು ಪ್ರಣೀತಾ
ಪಕ್ಕದ ಮನೆಯ ಜಾನಕ್ಕನಿಗೆ ಮಗ್ಗಿ ಒಪ್ಪಿಸುತ್ತಾಳೆ.

ಹೋದ ವಾರ ಧಾರವಾಡದಿಂದ ಒಬ್ಬ ಓದುವ ಹುಡುಗಿ ಡಿಪೋಕ್ಕೆ ಬಂದಿದ್ದಳು.
ಎಲ್ಲರಿಗೂ ಒಂದೊಂದು ಹಾಳೆ.
ನಿಮ್ಮ ಕೆಲಸ ನಿಮಗೆ ತೃಪ್ತಿ ಕೊಡುತ್ತದೆಯೇ?
ಒಂದರಿಂದ ಐದು, ಯಾವುದಾದರೂ ಒಂದಕ್ಕೆ ಸುತ್ತು.

ಐದರ ಮೇಲೆ ಪೆನ್ನಿಟ್ಟೆ. ಸುಳ್ಳಲ್ಲ.
ಈ ಕೆಲಸ ನನಗೆ ಸೇರುತ್ತದೆ.
ಹಿರೇಗುತ್ತಿಯ ತಿರುವು ಬಂತೆಂದು ಕಣ್ಣು ಮುಚ್ಚಿಯೂ ಹೇಳಬಲ್ಲೆ.
ಯಾವ ಹುಡುಗ ಯಾವ ಹುಡುಗಿಗಾಗಿ
ಎರಡು ಸ್ಟಾಪು ಹೆಚ್ಚಿಗೆ ಟಿಕೆಟ್ ತೆಗೆಸುತ್ತಾನೆ, ಗೊತ್ತು.
ಮಷೀನು ಕರ್ರೆಂದು ಚೀಟಿ ಉಗುಳುವ ಸದ್ದು ಕೂಡ ಸೇರುತ್ತದೆ.

ಆದರೆ ಪೆನ್ನು ಸುತ್ತಲಿಲ್ಲ.
ಫೆಬ್ರವರಿಯ ಒಂದು ರಾತ್ರಿ ಅಡ್ಡ ಬಂತು.
ಅಂದು ಆ ಹಳದಿ ದೀಪ ಆರಲೇ ಇಲ್ಲ.
ಹನ್ನೆರಡು. ಒಂದು. ಎರಡೂವರೆ.
ಫೋನು ತಾಗಲಿಲ್ಲ.
ಮಗುವಿಗೆ ಜ್ವರವೋ, ಇವಳಿಗೇ ಏನಾದರೂ ಆಯಿತೋ,
ಸೀಟಿನಿಂದ ಸೀಟಿಗೆ ಹೊರಳಿ ಬೆಳಗು ಮಾಡಿದೆ.

ಮೊದಲ ಟ್ರಿಪ್ಪಿನಲ್ಲಿ ಬೀರಮ್ಮಜ್ಜಿ ಹತ್ತಿದಳು.
ಅವಳಿಗೆ ಟಿಕೆಟ್ಟು ಪುಕ್ಕಟೆ, ಮೀನಬುಟ್ಟಿಗೆ ಮಾತ್ರ ಕಾಸು.
ಐದು ರೂಪಾಯಿ ಕಡಿಮೆ ಕೊಟ್ಟಳು, ದಿನಾ ಕೊಡುವ ಹಾಗೆ.
ದಿನಾ ನಾನು ನಗುತ್ತಿದ್ದೆ, ಕಿಸೆಯಿಂದ ಸೇರಿಸುತ್ತಿದ್ದೆ.
ಅಂದು ಸೀಟಿ ಊದಿ ಬುಟ್ಟಿಯನ್ನು ನಡುದಾರಿಯಲ್ಲಿ ಇಳಿಸಿದೆ.
ಬುಟ್ಟಿಯ ಹಿಂದೆ ಅವಳೂ ಇಳಿದಳು.
ಬಯ್ಯಲಿಲ್ಲ.
'ಇಂದ್ ನಿಂಗೆ ಏನಾಯ್ತಾ ತಮ್ಮಾ' ಅಂದಳು, ಅಷ್ಟೇ.
ಕುಮಟೆಯವರೆಗೆ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.
ಹನ್ನೊಂದು ವರ್ಷದ ಕೆಲಸ ಅಂದೇ ಮೊದಲು
ಬೇರೆಯವರ ಅಂಗಿಯ ಹಾಗೆ ಕಂಕುಳಲ್ಲಿ ಹಿಡಿಯಿತು.

ಒಂಬತ್ತಕ್ಕೆ ಫೋನು ಸಿಕ್ಕಿತು.
'ಸ್ವಿಚ್ಚು ಕೆಟ್ಟಿದೆ' ಎಂದಳು ತುಳಸು, 'ಆರಿಸಲಿಕ್ಕೇ ಬರುವುದಿಲ್ಲ.
ಮನೆಯಲ್ಲಿ ಒಬ್ಬ ಗಂಡಸು ಇದ್ದಿದ್ದರೆ.'
ನಕ್ಕೇ ಹೇಳಿದ್ದಳು.

ಮರುದಿನ ಬೀರಮ್ಮಜ್ಜಿ ಐದು ರೂಪಾಯಿಯನ್ನೂ ಎಣಿಸಿ ಕೊಟ್ಟಳು.
ಈಗಲೂ ಹಾಗೇ ಕೊಡುತ್ತಾಳೆ.
ತೆಗೆದುಕೊಳ್ಳುವುದು ಕಷ್ಟ.

ಹುಡುಗಿಯನ್ನು ಕೇಳಿದೆ:
'ತಂಗೀ, ಇದು ಕೆಲಸದ ಪ್ರಶ್ನೆಯೋ,
ಕೆಲಸದಿಂದ ಮನೆ ಎಷ್ಟು ದೂರ ಎನ್ನುವ ಪ್ರಶ್ನೆಯೋ?'
ಅವಳು ಹಾಳೆ ತಿರುವಿ ಹುಡುಕಿದಳು.
'ಅದು ಎರಡನೇ ಪುಟದಲ್ಲಿದೆ ಸರ್.'
ಅಷ್ಟರಲ್ಲಿ ಫಕ್ಕೀರಪ್ಪ ಹಾರ್ನು ಹೊಡೆದ.
ಎರಡನೇ ಪುಟ ಇನ್ನೂ ಟಿಕೆಟ್ ರೋಲಿನ ಅಡಿಯಲ್ಲಿದೆ.

ರಜೆಯ ದಿನ ಆ ಸ್ವಿಚ್ಚು ಬದಲಿಸಿ ಬಂದೆ,
ಬೆರಳಿಟ್ಟರೆ ಸಾಕು, ಟಕ್ಕೆನ್ನುತ್ತದೆ.
ಈಗ ದೀಪ ಹತ್ತಕ್ಕೆ ಸರಿಯಾಗಿ ಆರುತ್ತದೆ.
ಆರಿದ ಮೇಲೆ
ಆ ಕತ್ತಲಲ್ಲಿ ನಮ್ಮ ಮನೆ ಯಾವುದೆಂದು
ನನಗೆ ಗೊತ್ತಾಗುವುದಿಲ್ಲ.