ಖಾಲಿ ಹೊಟ್ಟೆಯಲ್ಲಿ ಬನ್ನಿ

ಎಂದು ಬೋರ್ಡಿನಲ್ಲಿ ಬರೆದಿದ್ದೇವೆ, ದಪ್ಪಕ್ಷರದಲ್ಲಿ.
ಪಿಳ್ಳಮ್ಮ ಓದಲಾರಳು, ಆದರೂ ಖಾಲಿ ಹೊಟ್ಟೆಯಲ್ಲೇ ಬಂದಳು,
ಬಂಗಾರಪೇಟೆಯ ಮೊದಲ ರೈಲು ಗೇಟು ದಾಟುವ ಹೊತ್ತಿಗೆ.
ಜೊತೆಗೊಂದು ಬಕೆಟ್ಟು, ಬಕೆಟ್ಟಿನ ಬಾಯಿಗೆ ಒದ್ದೆ ಗೋಣಿ,
ಗೋಣಿಯ ಕೆಳಗೆ ಕರ ಕರ ಕರ.

"ಒಳಗೆ ಬಿಡಲ್ಲ ಅಂದ್ರೆ ಆಚೆ ಇಡ್ತೀನಿ.
ಕಚ್ಚಲ್ಲ ಕಣಮ್ಮ, ಕೊಂಬು ಕಟ್ಟಿದೀನಿ."

ಐದು ಎಂ.ಎಲ್. ನರ ಸಿಗಲು ತಡವಾಯಿತು.
ಮೊಣಕೈವರೆಗೂ ಗೀರು, ಹಳೆಯವು ಬಿಳಿ, ಹೊಸವು ಕೆಂಪು,
ಕೆರೆಕೋಡಿಯ ಬಿಲಗಳೆಲ್ಲ ಆ ಕೈಯನ್ನು ಬಲ್ಲವು.
ಮಷೀನು ತಿರುಗಿತು. ನಿಂತಿತು.
ಕೆಳಗೆ ಕೆಂಪು ಬಗ್ಗಡ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ.
ಕೆರೆಯೂ ಹೀಗೇ, ಎಮ್ಮೆ ಎದ್ದು ಹೋದ ಮೇಲೆ.

ಇನ್ನೂರ ನಲವತ್ತೆಂಟು.
ಅಂಕಿಯ ಕೆಳಗೆ ನಾನೇ ಗೆರೆ ಎಳೆದೆ.

"ಏಡಿಕಾಯಿಂದಾನಾ?" ಅಂದಳು.
ಮಾರ್ಕೆಟ್ಟಿನಲ್ಲಿ ಯಾರೋ ಹೇಳಿದ್ದಾರೆ, ಚಿಪ್ಪಿರೋದೆಲ್ಲ ರಕ್ತಕ್ಕೆ ಜಿಡ್ಡು,
ಕೊಳ್ಳುವವರು ಅರ್ಧಕ್ಕರ್ಧ ನಿಂತುಬಿಟ್ಟಿದ್ದಾರೆ.
"ಇವತ್ತು ಹುಣ್ಣಿಮೆ ಮಾರನೇ ದಿನ, ಅಲ್ವಾ?
ಹುಣ್ಣಿಮೆ ಏಡಿ ಪೊಳ್ಳು ಕಣಮ್ಮ, ಒಳಗೇನೂ ಇರಲ್ಲ.
ಅಮಾಸೆಗೆ ರಕ್ತ ತೆಗೆದಿದ್ರೆ ಇನ್ನೆಷ್ಟು ಬರ್ತಿತ್ತೋ!"

ಉತ್ತರ ಹೇಳುವುದು ನನ್ನ ಕೆಲಸವಲ್ಲ.
ಸೂಜಿ, ಟ್ಯೂಬು, ಹೆಸರು, ವಯಸ್ಸು ಅಂದಾಜು ಅರವತ್ತು, ಅಷ್ಟೆ.
ಡಾಕ್ಟರು ಶಕೀಲಾ ಒಳಗೆ ಕರೆದರು, ಕುರ್ಚಿ ತೋರಿಸಿದರು,
ಬಕೆಟ್ಟಿಗೂ ಬಗ್ಗಿ ನೋಡಿದರು.
"ಇದರಲ್ಲೂ ಇದೆ, ಇಲ್ಲ ಅನ್ನಲ್ಲ, ಸೀಗಡಿಯಲ್ಲಿ ಇನ್ನೂ ಹೆಚ್ಚು.
ಆದರೆ ಇದರ ಮಾಂಸದಲ್ಲಿ ಕೊಬ್ಬು ಎಲ್ಲಿದೆ?
ನಿನ್ನ ಕಾರ್ಜವೇ ಕೂತು ಜಿಡ್ಡು ಮಾಡುತ್ತೆ ಅಜ್ಜಿ,
ಬೆಣ್ಣೆ ಡಾಲ್ಡಾ ಸುರಿದರೆ ಇನ್ನಷ್ಟು ಮಾಡುತ್ತೆ.
ತಿಂಗಳಿಗೆ ಎಷ್ಟು ಸಲ ತಿಂತೀಯ?"

ಪಿಳ್ಳಮ್ಮ ನಕ್ಕಳು.
ನಗು ಮುಗಿಯುವವರೆಗೆ ಡಾಕ್ಟರು ಪೆನ್ನು ಹಿಡಿದೇ ಇದ್ದರು.
"ಮಾರೋಳು ತಿಂದ್ರೆ ಮಾರೋದೇನು?
ದಪ್ಪ ಕೊಂಬಿನವು ಕೆ.ಜಿ.ಎಫ್. ಬಸ್ಸಿಗೆ,
ಹಳದಿ ತುಂಬಿದವು ನೆಗಡಿ ಕೆಮ್ಮಿನ ಮನೆಗೆ,
ಕಾಲು ಮುರಿದವು ಮಾತ್ರ ನಂಗೆ. ಒರಳಲ್ಲಿ ಕುಟ್ಟಿ,
ಹಿಂಡಿ, ಮೆಣಸು ಬೆಳ್ಳುಳ್ಳಿ ಹಾಕಿ ಸಾರು.
ಸಾರು ಅಂದ್ರೆ ನೀರು."

ಹಾಗಾದರೆ ಬೆಳಿಗ್ಗೆ?
"ಬೋಂಡ."
ಹನ್ನೊಂದಕ್ಕೆ?
"ಬೋಂಡ, ಟೀ. ಕೈಯೆಲ್ಲ ಕೆಸರು, ನಾತ. ತಟ್ಟೆ ಕೊಟ್ಟು ಯಾರು ಕೂರಿಸ್ತಾರೆ?
ಪೇಪರಲ್ಲಿ ಸುತ್ತಿ ದೂರದಿಂದ ಕೊಡ್ತಾನೆ, ನಿಂತೇ ತಿನ್ನೋದು.
ಮೂವತ್ತೆರಡು ವರ್ಷ ಆಯ್ತು."

ಗೇಟಿನ ಪಕ್ಕದ ಆ ಬಾಣಲೆ ನನಗೂ ಗೊತ್ತು.
ಎಣ್ಣೆ ಚೆಲ್ಲುವುದಿಲ್ಲ, ನಿನ್ನೆಯದರ ಮೇಲೆ ಇವತ್ತಿನದು,
ಇವತ್ತಿನದರ ಮೇಲೆ ನಾಳಿನದು.

ಡಾಕ್ಟರು ಬರೆದರು: ರಾತ್ರಿ ಒಂದು ಮಾತ್ರೆ.
ಬೋಂಡಕ್ಕೆ ಅಡ್ಡಗೆರೆ. ಮುದ್ದೆ, ಹುರುಳಿ, ನುಗ್ಗೆಸೊಪ್ಪು.
ಆಮೇಲೆ ಸ್ವಲ್ಪ ಯೋಚಿಸಿ, ಕೆಳಗೆ, ಕನ್ನಡದಲ್ಲೇ:
ಹದಿನೈದು ದಿನಕ್ಕೊಮ್ಮೆ ಏಡಿ. ಕಾಲು ಮುರಿಯದ್ದು.
ಎಣ್ಣೆ ಒಂದೇ ಚಮಚ. ಹಳದಿ ಬೇರೆಯವರಿಗೆ.

ಚೀಟಿ ಓದಿ ಹೇಳಿದವಳು ನಾನು.
ಕಾಲು ಮುರಿಯದ್ದು ಅನ್ನುವಲ್ಲಿ ತಡೆದಳು.
"ಇನ್ನೊಂದ್ಸಲ ಓದು."

ಓದಿದೆ.
ಗೋಣಿ ಎತ್ತಿ ಬಕೆಟ್ಟಿನೊಳಗೆ ಕೈಬಿಟ್ಟಳು,
ಕೊಳ್ಳಲು ಬಂದವಳ ಹಾಗೆ ಬೆನ್ನು ಒತ್ತಿ ನೋಡಿದಳು,
ಬೇಡವೆಂದು ಬಿಟ್ಟಳು, ಮತ್ತೊಂದನ್ನು ಎತ್ತಿದಳು.
ಸಾಲಿನಲ್ಲಿದ್ದ ಖಾಲಿ ಹೊಟ್ಟೆಗಳು ಗೊಣಗಿದವು.
ಮುಂದಿನ ಹೆಸರು ನನ್ನ ಕೈಯಲ್ಲೇ ಇತ್ತು,
ಕರೆಯಲಿಲ್ಲ. ಅವಳಿನ್ನೂ ಆರಿಸುತ್ತಿದ್ದಳು.