ಅಕ್ಕಿ ಆರಿತು

ಇಪ್ಪತ್ತಾರು ಬಂದಿವೆ.
ತಲೆಗೊಂದರಂತೆ, ಎಂದಿದೆ ಆದೇಶದಲ್ಲಿ;
ತಲೆಗಳೂ ಇಪ್ಪತ್ತಾರೇ, ಆಲೂಗಡ್ಡೆ ಕೀಳುವ ವಾರ ಬಿಟ್ಟರೆ.
ದಾಸ್ತಾನು ಪುಸ್ತಕದಲ್ಲಿ ಬರೆದುಕೊಂಡೆ:
ಟ್ಯಾಬ್, ಕಪ್ಪು, ಕವರ್ ಸಹಿತ.
ಅದರ ಮೇಲಿನ ಸಾಲು: ಪ್ಲಾಸ್ಟಿಕ್ ಬಕೆಟ್, ಎರಡು.
ಒಡೆದರೆ ಯಾರ ಸಂಬಳದಲ್ಲಿ ಹಿಡಿಯುತ್ತಾರೆ, ಕೇಳಿದೆ.
ಸಿಆರ್‌ಪಿ ನಕ್ಕು
ಸಹಿ ಮಾಡುವ ಜಾಗ ತೋರಿಸಿದರು.

ಶಾಲೆಯಲ್ಲಿ ಪ್ಲಗ್ಗು ಮೂರು, ಕರೆಂಟು ಬರುವುದು ಒಂದಕ್ಕೆ.
ಹಾಗಾಗಿ ರಾತ್ರಿ ಬಿಸಿಯೂಟದ ಸಣ್ಣತಾಯಮ್ಮನ ಮನೆಯಲ್ಲಿ
ಸರದಿಯ ಮೇಲೆ ಚಾರ್ಜು.
ಬೆಳಿಗ್ಗೆ ಸೊಪ್ಪಿನ ಬುಟ್ಟಿಯಲ್ಲಿ, ಟವೆಲ್ಲು ಹೊದ್ದು,
ಅವಳ ಸೊಂಟದ ಮೇಲೆ ಕೂತು ಬರುತ್ತವೆ.

ಮೊದಲ ದಿನ ಫೋಟೊ. ಎರಡನೆಯ ದಿನವೂ ಫೋಟೊ.
ಮೂಗಿನ ಹೊಳ್ಳೆ, ಗೋಡೆಯ ಹಲ್ಲಿ, ನನ್ನ ಹಿಮ್ಮಡಿಯ ಬಿರುಕು.
ಮೂರನೆಯ ದಿನ ಲಿಖಿತ ಕಂಡುಹಿಡಿದ:
ಮೈಕಿನ ಚಿತ್ರ ಒತ್ತಿ ಮಾತಾಡಿದರೆ
ಮಾತು ಅಕ್ಷರವಾಗಿ ಇಳಿಯುತ್ತದೆ.

'ಹಕ್ಕಿ ಹಾರಿತು ಅನ್ನು' ಅಂದೆ.
ತನುಜಾ ಅಂದಳು,
ನಮ್ಮ ದುದ್ದದ ಕಡೆಯ ಬಾಯಲ್ಲಿ ಅಂದಳು.
ಗಾಜಿನ ಮೇಲೆ ಬಂತು:
ಅಕ್ಕಿ ಆರಿತು.

ಬಿದ್ದು ಬಿದ್ದು ನಕ್ಕಿತು ತರಗತಿ.
ನಕ್ಕವರೂ ಒಬ್ಬೊಬ್ಬರಾಗಿ ಬಂದು ಬಿದ್ದರು.
ಹಾಲು ಅಂದವನಿಗೆ ಆಲು;
ಬೆಳೆಯುವವರ ಮಗ, ಅವನಿಗೇನೂ ತಪ್ಪು ಕಾಣಲಿಲ್ಲ.
ಹೂವು ಅಂದವಳಿಗೆ ಏನೂ ಬರಲಿಲ್ಲ,
ಒಂದು ಚುಕ್ಕಿ ಸುತ್ತುತ್ತಲೇ ಇತ್ತು.
ಹಾಸನ ಅಂದರೆ ಆಸನ:
ಇಡೀ ಜಿಲ್ಲೆ ಬಂದು ಕೂತುಕೊಂಡಿತು.
ಉಮೈರನ ಹಕ್ಕಿಯೊಂದು ಮಾತ್ರ ನಿಜವಾಗಿ ಹಾರಿತು,
ಅವನ ಮನೆಯಲ್ಲಿ ಉರ್ದು.
'ನನ್ನ ಎಸರು ಪೂರ್ವಿಕ' ಎಂದು ಬಂದಾಗ
ಬಾಗಿಲಲ್ಲಿ ನಿಂತಿದ್ದ ಸಣ್ಣತಾಯಮ್ಮ ಅಂದಳು:
'ಎಸರು ಕುದೀತಾ ಅದೆ ಮಿಸ್,
ಅಕ್ಕಿ ಆರಿದ್ರೆ ಕೊಡಿ.'

ಹದಿನೆಂಟು ವರ್ಷ ಈ ಒಂದು ಅಕ್ಷರಕ್ಕಾಗಿ
ಅಂಗೈ ಮೇಲೆ ಅಡಿಪಟ್ಟಿ ಆಡಿಸಿದ್ದೇನೆ,
ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ.
ಇದು ಬೈಯಲಿಲ್ಲ.
ಬಾಯಿಂದ ಬಿದ್ದದ್ದನ್ನು ಬಿದ್ದ ಹಾಗೇ ಬರೆದು
ಸುಮ್ಮನೆ ಮುಂದಿನ ಮಾತಿಗೆ ಕಾಯಿತು.
ಕರುಣೆಯಲ್ಲ ಅದು, ಗೊತ್ತು.
ಆದರೂ ಹೊಟ್ಟೆಕಿಚ್ಚಾಯಿತು.

ಟಿಸಿಎಚ್ ಓದುವಾಗ, ಹಾಸ್ಟೆಲಿನ ಕನ್ನಡಿ ಮುಂದೆ,
ರೂಮಿನ ಹುಡುಗಿಯರೆಲ್ಲ ನಿದ್ದೆ ಹೋದ ಮೇಲೆ
ಹಾ, ಹಾ, ಎಂದು ಕಲಿತವಳು ನಾನೂ.
ಊರಿಗೆ ಹೋದರೆ ಈಗಲೂ
'ಆಲು ಕಾಸಿದ್ಯೇನವ್ವಾ' ಅನ್ನುತ್ತೇನೆ;
ಹಕಾರ ಹಚ್ಚಿದರೆ ಅವ್ವ
ನೆಂಟರಿಗೆ ಹಾಕುವ ಚಾಪೆ ಹುಡುಕುತ್ತಾಳೆ.

ಶುಕ್ರವಾರ ಮಧ್ಯಾಹ್ನ. ಗಾಜಿನ ತುಂಬ ಸಾರಿನ ಬೆರಳು.
ತನುಜಾ ಟ್ಯಾಬನ್ನು ಬಾಯಿಯ ಹತ್ತಿರ ತಂದು
ಕನ್ನಡಕ ಒರೆಸುವ ಮುದುಕರ ಹಾಗೆ
ಎದೆಯಾಳದಿಂದ ಉಸಿರು ಬಿಟ್ಟಳು:
ಹಾ.
ಲಂಗದ ಅಂಚಿನಿಂದ ಉಜ್ಜಿದಳು.
ಮತ್ತೆ, ಹಾ.

'ತಡಿ. ಏನಂದೆ ಈಗ?'
'ಏನೂ ಇಲ್ಲ ಮಿಸ್, ಒರುಸ್ತಿದ್ದೆ.'
'ಅದೇ, ಅದನ್ನೇ ಅನ್ನು. ಅದರ ಬೆನ್ನಿಗೆ ಒಂದು ಕ್ಕಿ ಸೇರಿಸು.'

ಗಾಜು ಮಂಜಾಯಿತು.
ಮಂಜು ಅಂಚಿನಿಂದ ಕರಗುತ್ತ ಬಂದು
ನಡುವೆ, ಎರಡು ಕಾಲೂರಿ, ಕೂತಿತ್ತು
ಹಕ್ಕಿ.

ಆಮೇಲೆ ಕೇಳಬೇಡಿ.
ಇಪ್ಪತ್ತಾರು ಮಕ್ಕಳು ಇಪ್ಪತ್ತಾರು ಗಾಜಿಗೆ ಉಸಿರೂದಿ
ಹಾಲು, ಹಲಸು, ಹಂದಿ, ಹೇನು,
ಉಮೈರ ಮೇಷ್ಟರಂತೆ ಕೈ ಕಟ್ಟಿ ಅಡ್ಡಾಡುತ್ತ.
ತಪಾಸಣೆಗೆ ಬಂದವರು ಒಂದನ್ನು ಎತ್ತಿ ನೋಡಿ
'ಉಪಕರಣಕ್ಕೆ ತೇವ ತಾಗಿಸಬಾರದು' ಎಂದು
ಷರಾ ಬರೆದು ಹೋದರು.

ಗಂಟೆ ಹೊಡೆಯಿತು. ಚೀಲ ಹೆಗಲಿಗೇರಿಸಿ ತನುಜಾ
'ಓಗ್ಬತ್ತೀನಿ ಮಿಸ್' ಅಂದಳು.
ತಿದ್ದಬಹುದಿತ್ತು.
'ಊಂ, ಓಗ್ಬಾ' ಅಂದೆ.
ಮೇಜಿನ ಮೇಲೆ ಮೈಕು
ಆರಿಸಿದ್ದೆನೋ, ಇಲ್ಲವೋ.