ಬೇಯಿಸಿದ ತಂತಿ

ಮರಗೆಣಸಿನ ಸೊಪ್ಪು ಬೇಯಿಸುವ ನನ್ನ ಪಾತ್ರೆಯಲ್ಲಿ
ಇವತ್ತು ಮತ್ತೆ ಬಾಸ್ ಗಿಟಾರಿನ ನಾಲ್ಕು ತಂತಿ.
ಸುರುಳಿ ಸುತ್ತಿ ಮಲಗಿವೆ ತಳದಲ್ಲಿ,
ಕುದಿ ಬಂದಂತೆ ಅಂಚಿಗೆ ತಗುಲಿ ಕಿಣಿಕಿಣಿ.
"ಉಪ್ಪು ಹಾಕಲೇ?" ಅಂದೆ.
ಮಕಿಯಾದಿ ನಗಲಿಲ್ಲ. ಇದ್ದಿಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು
ಹಾಲು ಉಕ್ಕೀತೆಂದು ಕಾಯುವವರ ಹಾಗೆ
ಕಣ್ಣು ಕೀಳದೆ ನೋಡುತ್ತಿದ್ದ.

ಹತ್ತು ನಿಮಿಷಕ್ಕೆ ನೀರು ಬೂದಿಬಣ್ಣ.
ಮೂರು ತಿಂಗಳ ಬೆರಳ ಬೆವರು, ಬಿಯರಿನ ನೊರೆ,
ಕಿನ್ಶಾಸಾದ ಧೂಳು,
ಯಾರದೋ ಮದುವೆ, ಯಾರದೋ ಸಾವಿನ ಜಾಗರಣೆ.
ಒರೆಸಿ, ಬಿಸಿಲಿಗೆ ಹರವಿ, ಸಂಜೆಗೆ ಕಟ್ಟುತ್ತಾನೆ.
ಒಂದು ಶನಿವಾರ ದನಿ ಹೊಳೆಯುತ್ತದೆ, ಎರಡು ಶನಿವಾರ,
ಮೂರನೆಯದಕ್ಕೆ ಮತ್ತೆ ಅದೇ ಮುದುಕ.

ಹೊಸದು ಯಾವಾಗ ಹಾಕುತ್ತೀ ಅಂದರೆ
ಹಳೆಯದು ಹರಿದಾಗ, ಅನ್ನುತ್ತಾನೆ.
ಹರಿಯುವುದೇ ಇಲ್ಲವಲ್ಲ ಆ ದಪ್ಪನೆಯದು!
ನಮ್ಮ ಎರಡನೆಯವನಿಗೆ ಹಲ್ಲು ಬರುವ ಮೊದಲೇ ಬಂದದ್ದು.
ಅವನೀಗ ಗಡ್ಡ ಬೋಳಿಸುತ್ತಾನೆ.

ಹೋದ ವರ್ಷ ಬ್ರಸೆಲ್ಸಿನಿಂದ ಸೋದರಳಿಯ ಬಂದ, ದ್ಯೂಮೆರ್ಸಿ.
ಒಂದು ಕಾಲಕ್ಕೆ ತಂತಿ ಬಂತೆಂದರೆ ಸಾವೋ ಹೆರಿಗೆಯೋ;
ಇದು ಪೊಟ್ಟಣದಲ್ಲಿ ಬಂದ ತಂತಿ, ಮೇಲೊಂದು ಹಕ್ಕಿಯ ಚಿತ್ರ.
"ಅಲ್ಲಿ ತಿಂಗಳಿಗೊಮ್ಮೆ ಬದಲಿಸುತ್ತಾರೆ ಮಾವ,
ಹಲ್ಲುಜ್ಜುವ ಬ್ರಷ್ಷಿನ ಹಾಗೆ."
ಬೆಲೆ ಹೇಳಿದ. ನಾನು ಮೀನಿನ ಲೆಕ್ಕದಲ್ಲಿ ಗುಣಿಸಿದೆ:
ಎರಡು ಬುಟ್ಟಿ, ಅದೂ ಒಣಗಿಸಿದ ಮೇಲೆ.
ಆ ಚಳಿಯ ಊರಲ್ಲಿ ಬೆರಳು ಬೆವರುವುದೂ ಉಂಟೇ?

ನಾನು ಬಾರಿಗೆ ಹೋಗುವವಳಲ್ಲ. ನಸುಕಿಗೆ ಮೀನಿನ ದೋಣಿ ಬರುತ್ತದೆ.
ಮಲಗಿದಲ್ಲೇ ಕೇಳುತ್ತೇನೆ.
ಮೂರು ಬೀದಿ ದಾಟುವಷ್ಟರಲ್ಲಿ
ಹಾಡುಗಾರನ ಮಾತು ಉದುರುತ್ತದೆ,
ಸಣ್ಣ ಗಿಟಾರಿನ ಕುಸುರಿ ಉದುರುತ್ತದೆ,
ತುತ್ತೂರಿ ಮೂಲೆಯ ಗ್ಯಾರೇಜಿನ ತನಕ ಬಂದು ನಿಲ್ಲುತ್ತದೆ.
ಗೋಡೆ ತೂರಿ ಬಂದು ನನ್ನ ಮಂಚದ ಕಾಲು ಮುಟ್ಟುವುದು
ಇವನೊಬ್ಬನ ಗುಮ್ಮು.
ಇಪ್ಪತ್ತು ವರ್ಷ ಅದರ ಮೇಲೇ ತಲೆಯಿಟ್ಟು ನಿದ್ದೆ ಮಾಡಿದ್ದೇನೆ.

ಹೊಸ ತಂತಿಯ ಆ ರಾತ್ರಿ ಬೇಗ ಬಂದ. ಷೂ ಬಿಚ್ಚಲಿಲ್ಲ.
ಹಾಡುಗಾರ ಎರಡು ಸಲ ಹಿಂತಿರುಗಿ ನೋಡಿದನಂತೆ,
ಹೊಸ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿತ್ತಂತೆ,
ಕುಣಿಯುವವರಿಗೆ ಕಾಲಿಡಲು ನೆಲವೇ ಸಿಗಲಿಲ್ಲವಂತೆ.
"ನಿನಗೆ ಹೇಗೆ ಕೇಳಿಸಿತು?"
"ಎಂದಿನ ಹಾಗೇ," ಅಂದೆ.
ಸುಳ್ಳಲ್ಲ. ಮಿಂಚೆಲ್ಲ ಅಲ್ಲೇ
ಮೇಜು ಬಾಟಲಿಗಳ ನಡುವೆ ಉಳಿದಿತ್ತು;
ನನ್ನವರೆಗೆ ನಡೆದು ಬಂದದ್ದು ಅದೇ ಹಳೆಯ ಹೆಜ್ಜೆ.
"ಆದರೆ ನಡುರಾತ್ರಿಯ ಮೇಲೆ ಕಿರುಬೆರಳು ಹಿಂದೆ ಬಿತ್ತು.
ನೋವು ಮತ್ತೆ ಶುರುವಾಯಿತೇ?"
ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ.
ಇಷ್ಟು ದೂರದಿಂದ ಹೇಗೆ ಗೊತ್ತಾಯಿತೆಂದು ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಮಾರನೆಯ ದಿನ ಹಳೆಯ ದಪ್ಪ ತಂತಿ ವಾಪಸು ತನ್ನ ಜಾಗಕ್ಕೆ ಬಂತು.
ಅದರ ಹೊಸ ಸವತಿ ಹಕ್ಕಿಯ ಪೊಟ್ಟಣದಲ್ಲಿ, ಬೈಬಲಿನ ಪಕ್ಕ,
ಯಾವತ್ತಿಗೋ. ಯಾರಿಗೋ.
ಉಳಿದ ಮೂರೂ ಈಗ ಈ ಊರಿನವೇ ಆಗಿವೆ.
ಕುದಿನೀರಲ್ಲಿ ನಾಲ್ಕಕ್ಕೂ ಒಂದೇ ಕಪ್ಪು.

ತಂತಿ ತೆಗೆದ ಮೇಲೆ, ನಾನು ಒಳಗಿದ್ದೇನೆಂದುಕೊಂಡು,
ಆರುತ್ತಿರುವ ಅದೇ ನೀರಿನಲ್ಲಿ
ಕಿರುಬೆರಳು ಅದ್ದಿ ಕೂತಿದ್ದಾನೆ.
ಬೆಂದರೆ ಅದಕ್ಕೂ ಎರಡು ಶನಿವಾರ ಸಿಕ್ಕೀತೇ?

ಪಾತ್ರೆ ಬೇಕು ನನಗೆ, ಸೊಪ್ಪು ಕುಟ್ಟಿಟ್ಟಿದ್ದೇನೆ.
ಇರಲಿ, ಇನ್ನೊಂದು ಗಳಿಗೆ.
ಕಳೆದ ಸಲ ಪಲ್ಯದಲ್ಲಿ ಕಬ್ಬಿಣದ ರುಚಿಯೆಂದು
ಪಕ್ಕದ ಮನೆಯ ನ್ಜುಜಿ ಮುಖ ಕಿವುಚಿದಳು,
ಎರಡನೆಯ ಸಲ ಬಡಿಸಿಕೊಳ್ಳುತ್ತ.